ಫೋನಿನಲ್ಲಿ ನಮ್ಮೂರ ಮಕ್ಕಳನ್ನು ತೂಗಿದವರಿಗೆ

ಮಾನ್ಯ ಮೌಲ್ಯಮಾಪನ ನಿರ್ದೇಶಕರೇ,

ನಮ್ಮ ಭಾನುವಳ್ಳಿಯ ಮಕ್ಕಳು ಒಣಗಿ ಕಡ್ಡಿಯಾಗಿದ್ದಾರೆ ಎಂದು ನೀವು ವರದಿ ಕೊಟ್ಟಿದ್ದೀರಿ. ಅದನ್ನು ನಂಬಿಕೊಂಡು ನಮ್ಮೂರಿನ ಶಿಶುಪಾಲನಾ ಕೇಂದ್ರಕ್ಕೆ ಈ ತಿಂಗಳ ಕೊನೆಗೆ ಬೀಗ ಹಾಕಲು ಮೇಲಿನವರು ಹೊರಟಿದ್ದಾರೆ. ಇಷ್ಟು ದೊಡ್ಡ ತೀರ್ಮಾನಕ್ಕೆ ಕಾರಣವಾದ ಆ ಕೊನೆಯ ಸಮೀಕ್ಷೆಯಲ್ಲಿ ನಿಮ್ಮ ಕಚೇರಿಯವರು ಒಬ್ಬರೂ ಮಕ್ಕಳನ್ನು ಕಣ್ಣಿಂದ ನೋಡಿಲ್ಲ, ಕೈಯಿಂದ ಎತ್ತಿಲ್ಲ, ತಕ್ಕಡಿಯಲ್ಲಿ ಕೂರಿಸಿಲ್ಲ. ಫೋನ್ ಮಾಡಿ ಕೇಳಿದ್ದಾರೆ. ಕೇಳಿದ್ದಾದರೂ ಯಾರನ್ನು? ನಮ್ಮ ಅತ್ತೆಯನ್ನು. ಅತ್ತೆಯ ಹೆಸರು ಊರಮ್ಮ, ಅವರ ಮಾತು ನಂಬಿ ನಮ್ಮ ಮನೆಯಲ್ಲೇ ಯಾರೂ ಸಂತೆಯಿಂದ ಒಂದು ಹಿಡಿ ಮೆಣಸಿನಕಾಯಿ ತಂದವರಿಲ್ಲ. ನೀವು ಅದೇ ಮಾತು ನಂಬಿ ಒಂದು ಕೇಂದ್ರವನ್ನೇ ಮುಚ್ಚಿಸುತ್ತಿದ್ದೀರಿ.

ನಾನು ಮೀನಾಕ್ಷಿ. ಮಲೆಬೆನ್ನೂರಿನ ಒಂದು ಅಕ್ಕಿ ಗಿರಣಿಯ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಬಿಲ್ಲು ಮಾಡುವವಳು. ಬೆಳಿಗ್ಗೆ ಬಸ್ಸು ಹಿಡಿಯುವ ಮೊದಲು ಮಗಳನ್ನು ಕೇಂದ್ರದಲ್ಲಿ ಬಿಟ್ಟು ಹೋಗುತ್ತೇನೆ. ನಿಮ್ಮ ಕಡತದಲ್ಲಿ ಅದಕ್ಕೆ ಒಂದು ಸಾಲು ಉದ್ದದ ಹೆಸರಿದೆ. ನಮ್ಮೂರಲ್ಲಿ ಅದು ಬರೀ ಪಡಸಾಲೆ. ಯಾಕೆಂದರೆ ಅದು ನಡೆಯುವುದು ಸರ್ವಮಂಗಳಮ್ಮನವರ ದೊಡ್ಡ ಮನೆಯ ಪಡಸಾಲೆಯಲ್ಲಿ. ಅವರು ಬಾಡಿಗೆ ಕೇಳದೆ ಜಾಗ ಬಿಟ್ಟುಕೊಟ್ಟಿದ್ದಾರೆ, ಒಂದೇ ಷರತ್ತಿನ ಮೇಲೆ: ಲಿಂಗಪೂಜೆಯ ಮನೆ, ಮೊಟ್ಟೆ ಹೊಸ್ತಿಲು ದಾಟಬಾರದು. ಮಕ್ಕಳನ್ನು ನೋಡಿಕೊಳ್ಳುವ ಇಮಾಂಬೀ ಇದಕ್ಕೆ ತಕರಾರು ಮಾಡಲಿಲ್ಲ. ಮೊಟ್ಟೆಯನ್ನು ತಮ್ಮ ಮನೆಯಲ್ಲಿ ಬೇಯಿಸಿ ತಂದು, ಮಕ್ಕಳನ್ನು ಅಂಗಳದ ಬೇವಿನ ಮರದ ಕೆಳಗೆ ಸಾಲಾಗಿ ಕೂರಿಸಿ ತಿನ್ನಿಸುತ್ತಾರೆ, ಬಾಯಿ ತೊಳೆಸಿ ಒಳಗೆ ಕಳಿಸುತ್ತಾರೆ. ಆ ಹೊತ್ತಿಗೆ ಸರಿಯಾಗಿ ಸರ್ವಮಂಗಳಮ್ಮನವರಿಗೆ ಹಿತ್ತಲಲ್ಲಿ ಏನೋ ಕೆಲಸ ಬರುತ್ತದೆ. ಈ ವಿಷಯವಾಗಿ ಇಬ್ಬರ ನಡುವೆ ಇದುವರೆಗೆ ಒಂದು ಮಾತೂ ಆಗಿಲ್ಲ, ಮುಂದೆ ಆಗುವುದೂ ಇಲ್ಲ.

ಪಡಸಾಲೆ ಬರುವ ಮೊದಲು ನಮ್ಮೂರ ಹೆಂಗಸರು ಹಾಲು ಕುಡಿಯುವ ಮಕ್ಕಳನ್ನು ಗದ್ದೆಯ ಬದುವಿನ ಮೇಲೆ ಸೀರೆ ಹಾಸಿ ಮಲಗಿಸಿ ನಾಟಿಗೆ ಇಳಿಯುತ್ತಿದ್ದರು. ಪಕ್ಕದಲ್ಲೇ ಭದ್ರಾ ಕಾಲುವೆ, ನಾಟಿಯ ಕಾಲಕ್ಕೆ ತುಂಬಿ ಹರಿಯುತ್ತಿರುತ್ತದೆ. ನಮ್ಮ ಬೀದಿಯ ಸುನೀತಾಳ ದೊಡ್ಡ ಮಗ ಒಮ್ಮೆ ನಿದ್ದೆಯಿಂದ ಎದ್ದು ಅಂಬೆಗಾಲಿಡುತ್ತಾ ಕಾಲುವೆಯ ಅಂಚಿಗೆ ಹೋಗಿಬಿಟ್ಟಿದ್ದ. ದಾರಿಯಲ್ಲಿ ಹೋಗುತ್ತಿದ್ದ ಟ್ರ್ಯಾಕ್ಟರಿನವನು ಹಾರಿ ಹಿಡಿದುಕೊಂಡ. ಸುನೀತಾ ಆ ದಿನ ಕೈಯಲ್ಲಿದ್ದ ಸಸಿ ಬಿಸಾಡಿ ಬಂದವಳು, ಪಡಸಾಲೆ ಶುರುವಾಗುವ ತನಕ ಮತ್ತೆ ಕೂಲಿಗೆ ಹೋಗಲಿಲ್ಲ. ಈಗ ಚಿಕ್ಕ ಮಗನನ್ನು ಇಮಾಂಬೀ ಕೈಗೆ ಕೊಟ್ಟು ಹೋಗುತ್ತಾಳೆ. ನಿಮ್ಮ ಪ್ರಶ್ನೆಗಳಲ್ಲಿ ಕಾಲುವೆಯ ಬಗ್ಗೆ ಒಂದೂ ಇರಲಿಲ್ಲವಂತೆ, ಇರಲಿ.

ಮೊದಲ ಸಲ ನಿಮ್ಮವರು ಬಂದಾಗ ಎಲ್ಲ ಚೆನ್ನಾಗಿಯೇ ಇತ್ತು. ಕೊರೋನಾ ಎಂಬ ಹೆಸರು ಇನ್ನೂ ಟಿವಿಯವರ ಬಾಯಲ್ಲಿ ಮಾತ್ರ ಇದ್ದ ದಿನಗಳು ಅವು. ಜೀಪಿನಲ್ಲಿ ತೂಕದ ಯಂತ್ರ ಹೊತ್ತು ತಂದರು, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ತೂಗಿದರು. ಆಮೇಲೆ ಲಾಕ್‌ಡೌನ್ ಬಂತು. ಪಡಸಾಲೆ ಕೆಲವು ತಿಂಗಳು ಮುಚ್ಚಿ, ನಾಟಿಯ ಹೊತ್ತಿಗೆ ಮತ್ತೆ ತೆರೆಯಿತು. ಎರಡನೇ ಅಲೆಯಲ್ಲಿ ಮತ್ತೆ ಮುಚ್ಚಿತು, ಮತ್ತೆ ತೆರೆಯಿತು. ನಿಮ್ಮ ಎರಡನೇ ಸುತ್ತಿನ ಸಮೀಕ್ಷೆ ಮಾತ್ರ ಊರಿಗೆ ಬರಲಿಲ್ಲ, ಫೋನಿನಲ್ಲಿ ಬಂತು. ನ್ಯಾಯವಾಗಿ ಹೇಳುತ್ತೇನೆ: ನೀವು ಬಾರದೆ ಇದ್ದದ್ದು ಸರಿ. ಎರಡನೇ ಅಲೆಯ ಆ ಬೇಸಿಗೆಯಲ್ಲಿ ನಮ್ಮ ಬೀದಿಯಲ್ಲೂ ಹೆಣ ಬಿದ್ದಿವೆ. ಹೊರಗಿನವರು ಬಂದಿದ್ದರೆ ಊರಿನವರೇ ಬೇಲಿ ಹಾಕುತ್ತಿದ್ದರು. ಫೋನ್ ಮಾಡಿದ್ದೂ ತಪ್ಪಲ್ಲ. ತಕ್ಕಡಿ ಮಾಡಬೇಕಾದ ಕೆಲಸವನ್ನು ಬಾಯಿಗೆ ಒಪ್ಪಿಸಿದಿರಲ್ಲ, ಅಲ್ಲಿ ಎಡವಿದಿರಿ. ಅದೂ ಎಂಥ ಬಾಯಿಗೆ!

ಆ ಫೋನ್ ಬಂದ ದಿನ ಗಿರಣಿಗೆ ರಜೆ, ನಾನು ಒಳಗೆ ರೊಟ್ಟಿ ತಟ್ಟುತ್ತಿದ್ದೆ. ಅತ್ತೆಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಫೋನ್ ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ. ಮಗಳು ಅವರ ತೊಡೆಯ ಮೇಲೆ ಕೂತು ಹಾಲುರೊಟ್ಟಿ ತಿನ್ನುತ್ತಿದ್ದಳು. ಫೋನ್ ಮಾಡಿದ ಹುಡುಗಿ ಬಹಳ ಮರ್ಯಾದೆಯಿಂದ, ಪಾಠ ಒಪ್ಪಿಸಿದಂತೆ ಕೇಳಿದಳು:

"ಅಮ್ಮಾ, ನಿಮ್ಮ ಮೊಮ್ಮಗಳು ಊಟ ಚೆನ್ನಾಗಿ ಮಾಡ್ತಾಳಾ?"

"ಎಲ್ಲಿ ಮಾಡ್ತೈತೆ ತಾಯಿ. ಒಂದು ತುತ್ತು ಇಟ್ರೆ ಅರ್ಧ ಉಗೀತೈತೆ."

ಹೀಗೆ ಹೇಳುವಾಗ ಮಗಳು ತನ್ನ ಪಾಲು ಮುಗಿಸಿ "ಇನ್ನೊಂದು, ಇನ್ನೊಂದು" ಎನ್ನುತ್ತಾ ಅತ್ತೆಯ ತಟ್ಟೆಗೆ ಕೈ ಹಾಕಿದ್ದಳು.

"ಹೋದ ವರ್ಷಕ್ಕಿಂತ ಈಗ ತೂಕ ಜಾಸ್ತಿ ಆಗಿದೆಯಾ, ಹಾಗೇ ಇದೆಯಾ, ಇಳಿದಿದೆಯಾ?"

"ಇಳ್ದೈತೆ. ಪಕ್ಕೆಲುಬು ಎಣಿಸಬೌದು."

"ಕೇಂದ್ರದಲ್ಲಿ ಮೊಟ್ಟೆ ಕೊಡ್ತಾರಾ ಅಮ್ಮಾ?"

"ಶಿವ ಶಿವಾ. ಲಿಂಗಪೂಜೆ ಮಾಡೋ ಮನ್ಯಾಗ ಮೊಟ್ಟೆ ತರ್ತಾರೇನವ್ವ? ಯಾರು ಹೇಳಿದ್ರು ನಿಂಗೆ? ಅಂಥಾದ್ದೇನೂ ಇಲ್ಲ, ಬರ್ಕಾ."

"ಕೇಂದ್ರದಿಂದ ಮಗುವಿಗೆ ಏನಾದ್ರೂ ಉಪಯೋಗ ಆಗಿದೆ ಅನ್ಸುತ್ತಾ?"

"ಏನೋ, ಹೋಗ್ತೈತೆ, ಬರ್ತೈತೆ."

ಫೋನ್ ಇಟ್ಟ ಮೇಲೆ ಅತ್ತೆ ನನ್ನನ್ನು ಕರೆದರು. "ಯಾವಳೋ ಏನೋ, ಕೂಸು ದಪ್ಪ ಆಗೈತಾ ಅಂತ ಕೇಳ್ತಾಳೆ. ಉಪ್ಪು ಮೆಣಸಿನಕಾಯಿ ತಾರವ್ವ" ಎಂದರು. ತಂದುಕೊಟ್ಟೆ. ಮಗಳಿಗೆ ದೃಷ್ಟಿ ತಗುಲಿತೆಂದು ಇಳಿ ತೆಗೆದು ಒಲೆಗೆ ಹಾಕಿದರು, ಅಂಗಾಲಿಗೆ ಕಾಡಿಗೆಯ ಬೊಟ್ಟು ಇಟ್ಟರು. ಮೆಣಸಿನಕಾಯಿ ಚಟಪಟ ಅಂದಿತು, ಘಾಟು ಅಷ್ಟಾಗಿ ಬರಲಿಲ್ಲ. "ನೋಡ್ದ್ಯಾ, ಎಂಥಾ ಕಣ್ಣು" ಎಂದರು. ಫೋನಿನಲ್ಲಿ ಕಣ್ಣು ಬೀಳುವುದು ಹೇಗೆ ಎಂದು ನಾನು ಕೇಳಲು ಹೋಗಲಿಲ್ಲ. ಹೇಳಿದ ಮಾತುಗಳಲ್ಲೂ ನನಗೆ ವಿಶೇಷವೇನೂ ಕಾಣಲಿಲ್ಲ, ನನ್ನನ್ನು ಕೇಳಿದ್ದರೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತಿದ್ದೆ.

ನಿರ್ದೇಶಕರೇ, ನೀವು ಬಹಳ ಓದಿದವರು. ಆದರೆ ನಿಮಗೂ ಒಬ್ಬರು ಅಜ್ಜಿ ಇದ್ದಿರಬೇಕಲ್ಲ? ಮನೆಗೆ ಬಂದವರು "ಹುಡುಗ ಗುಂಡಗಿದ್ದಾನೆ" ಅಂದರೆ ಆ ಅಜ್ಜಿ ಏನೆನ್ನುತ್ತಿದ್ದರು? "ಹೌದು, ತೂಕ ತೃಪ್ತಿಕರವಾಗಿದೆ" ಎನ್ನುತ್ತಿದ್ದರೇ? ಹರಿಹರದ ಸೇತುವೆಯಿಂದ ದಾವಣಗೆರೆಯ ಮಂಡಕ್ಕಿ ಭಟ್ಟಿಯವರೆಗೆ ಯಾವ ಬೀದಿಗಾದರೂ ಹೋಗಿ, ಯಾವ ತಾಯಿಯನ್ನಾದರೂ ಕೇಳಿ, ಮಗು ಚೆನ್ನಾಗಿ ತಿನ್ನುತ್ತದೆಯೇ ಎಂದು. ಬಾಯಿತುಂಬ ಮಂಡಕ್ಕಿ ತುಂಬಿಕೊಂಡ ಮಗುವನ್ನು ಸೊಂಟದ ಮೇಲಿಟ್ಟುಕೊಂಡೇ "ಏನೂ ತಿನ್ನಂಗಿಲ್ರೀ" ಎನ್ನುತ್ತಾಳೆ. ಅದು ಸುಳ್ಳಲ್ಲ, ಮಗುವಿಗೆ ಹಾಕುವ ಕುಲಾವಿಯ ಹಾಗೆ ಅದೂ ಒಂದು ಹೊದಿಕೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ನಿಮ್ಮವರು ಓದಿರಬಹುದು. ಮುದ್ದಾದ ಹೆಗ್ಗಣವನ್ನು ಹೆತ್ತವರು ಊರಿಗೆಲ್ಲ ತೋರಿಸುವುದಿಲ್ಲ ಎಂಬುದು ಯಾವ ತರಬೇತಿಯಲ್ಲೂ ಹೇಳಿಕೊಟ್ಟಂತಿಲ್ಲ.

ಇಷ್ಟೇ ಆಗಿದ್ದರೆ ನೀವು ಒಂದು ಮಾತು ಹೇಳಬಹುದಿತ್ತು: ಎಲ್ಲ ಊರಿನ ತಾಯಂದಿರೂ ಹೀಗೇ ಹೇಳಿದರೆ ಎಲ್ಲ ಕಡೆಯೂ ಒಂದೇ ಆಯಿತಲ್ಲ, ಹೋಲಿಕೆಗೆ ಏನು ತೊಂದರೆ ಎಂದು. ಅದಕ್ಕೂ ಉತ್ತರ ಇದೆ, ನಮ್ಮ ಮನೆಯಲ್ಲೇ ಇದೆ. ನಿಮ್ಮ ಅಧ್ಯಯನದಲ್ಲಿ ನಮ್ಮದು ಕೇಂದ್ರ ಕೊಟ್ಟ ಊರು. ಕೊಡದೆ ಇಟ್ಟ ಊರೂ ಒಂದಿದೆ. ಏನೂ ಕೊಡದವರಿಗೆ ಏನಾಗುತ್ತದೆ ಎಂದು ನೋಡಲು ಒಂದು ಊರನ್ನು ಬೇಕೆಂದೇ ಬರಿಗೈಯಲ್ಲಿ ಇಡುತ್ತಾರಂತೆ. ಆ ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿ ನನ್ನ ನಾದಿನಿ ಸುಧಾ ಇದ್ದಾಳೆ. ಅವಳಿಗೂ ಫೋನ್ ಬಂದಿತ್ತು. ಅವಳ ಮಗ ನಿಜವಾಗಿ ಸೊರಗಿದ ಮಗು. ಇವಳು ಕೂಲಿಗೆ ಹೋದರೆ ಅದು ಅಕ್ಕಪಕ್ಕದವರ ಜಗುಲಿಯಲ್ಲಿ, ಯಾರು ಏನು ಕೊಟ್ಟರೆ ಅದೇ ಊಟ. ಅವಳು ಫೋನಿನಲ್ಲಿ ಏನು ಹೇಳಿದಳು ಗೊತ್ತೇ?

"ಚೆನ್ನಾಗಿ ಉಣ್ತಾನ್ರೀ. ಹಾಲು, ಮೊಟ್ಟೆ ಎಲ್ಲ ಕೊಡ್ತೀವ್ರಿ ಅಂದೆ" ಎಂದಳು ನನ್ನ ಹತ್ತಿರ.

"ಯಾಕ ಹಂಗಂದಿ?" ಎಂದೆ.

"ಮತ್ತೇನನ್ಲಿ ಅತ್ತಿಗಿ? ಅತ್ತಿ ಮಾವ ಅಲ್ಲೇ ಕೂತಿದ್ರು. ಕೂಸಿಗೆ ಹೊಟ್ಟಿಗಿಲ್ಲ ಅಂತ ಪರ ಊರಿನವರ ಮುಂದ ಹೇಳಿದ್ರೆ ಮನಿ ಮಾನ ಉಳೀತೈತಾ?"

ಈಗ ಅರ್ಥವಾಯಿತೇ? ಇದ್ದವಳು ದೃಷ್ಟಿಗೆ ಹೆದರಿ ಇಲ್ಲ ಎನ್ನುತ್ತಾಳೆ. ಇಲ್ಲದವಳು ಮಾನಕ್ಕೆ ಹೆದರಿ ಇದೆ ಎನ್ನುತ್ತಾಳೆ. ಮಗು ಎಷ್ಟು ಚೆನ್ನಾಗಿದ್ದರೆ ತಾಯಿಯ ಗೋಳು ಅಷ್ಟು ಜೋರು. ಹೀಗೆ ಕೇಂದ್ರ ಇರುವ ಊರಿನ ಮಕ್ಕಳು ನಿಮ್ಮ ಪಟ್ಟಿಯಲ್ಲಿ ಸೊರಗಿದರು, ಕೇಂದ್ರ ಇಲ್ಲದ ಊರಿನ ಮಕ್ಕಳು ಹಾಲು ಮೊಟ್ಟೆ ತಿಂದು ಉಬ್ಬಿದರು. ನಿಮ್ಮ ವರದಿಯ ಸಾರಾಂಶ ಪಂಚಾಯಿತಿಯ ಗೋಡೆಗೆ ಅಂಟಿಸಿದ್ದಾರೆ, ನಾನೇ ನಿಂತು ಓದಿದೆ: "ಕಾರ್ಯಕ್ರಮದಿಂದ ಮಕ್ಕಳ ಬೆಳವಣಿಗೆಯ ಮೇಲೆ ಸಕಾರಾತ್ಮಕ ಪರಿಣಾಮ ಕಂಡುಬಂದಿಲ್ಲ, ಅಲ್ಪ ಪ್ರಮಾಣದ ಹಿನ್ನಡೆಯ ಸೂಚನೆ ಇದೆ." ಸುನೀತಾ ಓದಿಸಿಕೊಂಡು ಕೇಳಿ, "ಅಂದ್ರೆ ಇಮಾಂಬೀ ಚಿಕ್ಕಮ್ಮ ನಮ್ಮ ಮಕ್ಕಳ ಪಾಲು ತಿಂತಾಳೆ ಅಂತಾನಾ?" ಎಂದಳು. ಇಮಾಂಬೀ ಅಲ್ಲೇ ಇದ್ದರು. ಅಲ್ಲಿಂದ ನೇರ ಮನೆಗೆ ಹೋದರು, ಮರುದಿನ ಕಣ್ಣು ಊದಿಸಿಕೊಂಡು ಕೆಲಸಕ್ಕೆ ಬಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಕೇಳಿದ್ದೆ. ಜಗತ್ತಿಗೆ ಜ್ವರ ಬಂದು ಬರೆ ನಮ್ಮ ಇಮಾಂಬೀಗೆ ಬಿತ್ತು. ನನಗೆ ಸಿಟ್ಟು ಬಂದದ್ದು ಅಂದು.

ನಾನು ಗಿರಣಿಯವಳು, ತೂಕ ಎಂದರೆ ಏನೆಂದು ನನಗೂ ಸ್ವಲ್ಪ ಗೊತ್ತು. ಸುಗ್ಗಿಯಲ್ಲಿ ಮಲೆಬೆನ್ನೂರಿನ ರಸ್ತೆಯುದ್ದಕ್ಕೂ ಟ್ರ್ಯಾಕ್ಟರುಗಳು ಸಾಲು ನಿಂತಿರುತ್ತವೆ. ನಮ್ಮ ಸಾಹುಕಾರರಿಗೂ ಕೊರೋನಾ ಬಂದಿತ್ತು, ಹದಿನೈದು ದಿನ ಕೋಣೆಯಿಂದ ಹೊರಗೆ ಬರಲಿಲ್ಲ. ಆದರೂ ರೈತರಿಗೆ ಫೋನ್ ಮಾಡಿ "ಭತ್ತ ಎಷ್ಟಿರಬಹುದು, ಅಂದಾಜು ಹೇಳ್ರಿ" ಎಂದು ಕೇಳಿ ದುಡ್ಡು ಕೊಡಲಿಲ್ಲ. ಕಾಯಿಸಿದರು, ಆಮೇಲೆ ಕಾಟಾ ಮೇಲೆ ಹತ್ತಿಸಿ ತೂಗಿದರು. ಭತ್ತಕ್ಕಿರುವ ಈ ಭಾಗ್ಯ ಮಕ್ಕಳಿಗೆ ಯಾಕಿಲ್ಲ ಸ್ವಾಮಿ?

ಇದನ್ನೇ ಕೇಳೋಣ ಎಂದು ದಾವಣಗೆರೆಯ ನಿಮ್ಮ ಕಚೇರಿಗೆ ಬಂದಿದ್ದೆ. ನೀವು ಸಭೆಯಲ್ಲಿದ್ದಿರಿ. ಎರಡನೇ ಸಲ ಬಂದಾಗಲೂ ಸಭೆಯಲ್ಲೇ ಇದ್ದಿರಿ, ಅದೇ ಸಭೆಯೋ ಬೇರೆಯದೋ ತಿಳಿಯಲಿಲ್ಲ. ನಿಮ್ಮ ಕೆಳಗಿನ ಅಧಿಕಾರಿಯೊಬ್ಬರು ಸಿಕ್ಕಿದರು. ಒಳ್ಳೆಯವರು, ಕೂರಿಸಿ ಚಹಾ ಕೊಡಿಸಿದರು.

"ಡೇಟಾ ಹಂಗೆ ಹೇಳುತ್ತೆ ಮೇಡಂ, ನಾವೇನ್ ಮಾಡೋಕಾಗುತ್ತೆ?" ಎಂದರು.

"ಡೇಟಾ ಅಲ್ರೀ ಸರ್, ನಮ್ಮ ಅತ್ತೆ ಹೇಳಿದ್ದು ಅದು. ಒಂದ್ಸಲ ತಕ್ಕಡಿ ತಗೊಂಡು ಬರ್ರಿ" ಎಂದೆ.

"ಮಧ್ಯದಲ್ಲಿ ಮೆಥಡ್ ಚೇಂಜ್ ಮಾಡೋಕೆ ಬರಲ್ಲ ಮೇಡಂ."

"ಕೊರೋನಾ ಬಂದಾಗ ಮಾಡಿದ್ರಲ್ರೀ?"

ಅವರು ಚಹಾ ಕುಡಿದರು. ನಾನೂ ಕುಡಿದೆ. ತಕ್ಕಡಿಯಿಂದ ಫೋನಿಗೆ ಹೋಗುವುದಾದರೆ ಅದಕ್ಕೆ ಕಾಲಕ್ಕೆ ತಕ್ಕಂತೆ ಹೊಂದಿಕೊಳ್ಳುವುದು ಎನ್ನುತ್ತೀರಿ, ಫೋನಿನಿಂದ ತಕ್ಕಡಿಗೆ ವಾಪಸು ಬರುವುದಾದರೆ ಅದಕ್ಕೆ ನಿಯಮಭಂಗ ಎನ್ನುತ್ತೀರಿ. ಹೋಗುವ ದಾರಿ ಇದ್ದು ಬರುವ ದಾರಿ ಇಲ್ಲದ ಊರು ಯಾವುದಿದೆ ಎಂದು ನನಗೆ ಇನ್ನೂ ಹೊಳೆದಿಲ್ಲ.

ಅಂದೇ ದಾವಣಗೆರೆಯಲ್ಲೇ ಇರುವ ದೇವರಾಜ ಅರಸು ಬಡಾವಣೆಗೂ ಹೋದೆ. ಅತ್ತೆಗೆ ಫೋನ್ ಮಾಡಿದ ಹುಡುಗಿಯ ನಂಬರು ನಮ್ಮ ಫೋನಿನಲ್ಲೇ ಇತ್ತು, ಕರೆ ಮಾಡಿದರೆ "ಮನೆಗೇ ಬನ್ನಿ ಅಕ್ಕಾ" ಎಂದಳು. ರೂಪಶ್ರೀ ಅಂತ ಹೆಸರು. ಲಾಕ್‌ಡೌನಿನಲ್ಲಿ ಮನೆಯ ಮಹಡಿಯ ಮೇಲೆ ಕೂತು ದಿನವೆಲ್ಲ ಹೀಗೆ ಹಳ್ಳಿಗಳಿಗೆ ಫೋನ್ ಮಾಡಿದ್ದಳಂತೆ. ಅವಳನ್ನು ಬಯ್ಯಬೇಕೆಂದೇ ಹೋಗಿದ್ದೆ, ಮುಖ ನೋಡಿದ ಮೇಲೆ ಬಯ್ಯಲಾಗಲಿಲ್ಲ.

"ನಂಗೂ ಅನುಮಾನ ಬಂತು ಅಕ್ಕಾ. ಅಜ್ಜಿ 'ಏನೂ ತಿನ್ನಲ್ಲ' ಅಂತಿದ್ರೆ ಹಿಂದ್ಗಡೆ ಮಗು 'ಇನ್ನೊಂದು, ಇನ್ನೊಂದು' ಅಂತ ಕೂಗ್ತಿತ್ತು. ಆದ್ರೆ ಹಿಂದ್ಗಡೆ ಕೇಳ್ಸಿದ್ದನ್ನ ಬರಿಯೋಕೆ ಜಾಗಾನೇ ಇರ್ಲಿಲ್ಲ" ಎಂದಳು. ಮೇಲಿನವರಿಗೆ ಹೇಳಲಿಲ್ಲವೇ ಎಂದು ಕೇಳಿದೆ. ಹೇಳಿದಳಂತೆ. ಉತ್ತರದಾತರು ಹೇಳಿದ್ದನ್ನಷ್ಟೇ ದಾಖಲಿಸಬೇಕು ಎಂದರಂತೆ. ಅವಳಿಗೂ ಒಂದೂವರೆ ವರ್ಷದ ಮಗ ಇದ್ದಾನೆ, ಬಾಗಿಲ ಹಿಂದಿನಿಂದ ಇಣುಕುತ್ತಿದ್ದ. "ಚೆನ್ನಾಗಿ ಊಟ ಮಾಡ್ತಾನಾ?" ಎಂದು ಕೇಳಿದೆ. "ಎಲ್ಲಿ ಅಕ್ಕಾ, ಏನೂ ಸೇರಲ್ಲ ಇವನಿಗೆ" ಎಂದಳು. ಹೇಳಿದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬಹಳ ಹೊತ್ತು ನಕ್ಕೆವು.

ಫೋನಿನಲ್ಲೇ ಕೇಳಬೇಕಿದ್ದರೂ ದಾರಿಗಳಿದ್ದವು ನಿರ್ದೇಶಕರೇ, ನಮ್ಮನ್ನು ಒಂದು ಮಾತು ಕೇಳಿದ್ದರೆ ಹೇಳಿಕೊಡುತ್ತಿದ್ದೆವು. ಮಗು ದಪ್ಪಗಿದೆಯೇ ಎಂದು ಕೇಳಬಾರದು. ಯುಗಾದಿಗೆ ಹೊಲಿಸಿದ ಲಂಗ ಇನ್ನೂ ಹಿಡಿಸುತ್ತಿದೆಯೇ ಎಂದು ಕೇಳಬೇಕು. "ಎಲ್ಲಿ ಹಿಡಿಸ್ತೈತ್ರಿ, ದುಡ್ಡು ದಂಡ" ಎಂದು ಬಯ್ಯುತ್ತಾ ನಿಜ ಹೇಳುತ್ತಾರೆ. ಎತ್ತಿಕೊಂಡು ತಿರುಗಿದರೆ ಸೊಂಟ ನೋಯುತ್ತದೆಯೇ ಎಂದು ನಮ್ಮ ಅತ್ತೆಯನ್ನು ಕೇಳಿ ನೋಡಿ, ಅರ್ಧ ಗಂಟೆ ಫೋನ್ ಇಡುವುದಿಲ್ಲ. ನಮ್ಮ ಕಡೆ ಸುಖವನ್ನು ಯಾರೂ ಹೇಳಿಕೊಳ್ಳುವುದಿಲ್ಲ, ದೂರಿನ ರೂಪದಲ್ಲಿ ಕೇಳಿದರೆ ಎಲ್ಲ ಹೊರಬರುತ್ತದೆ. ನೀವು ಸುಖವನ್ನು ನೇರವಾಗಿ ಕೇಳಿದಿರಿ.

ಹೋದ ಭಾನುವಾರ ತಾಯಂದಿರೆಲ್ಲ ಪಡಸಾಲೆಯಲ್ಲಿ ಸೇರಿದ್ದೆವು. ಕೇಂದ್ರ ಮುಚ್ಚಿದರೆ ನಾನು ಗಿರಣಿ ಬಿಡಬೇಕು. ನನ್ನ ಗಂಡ ಹರಿಹರಕ್ಕೆ ಕೆಲಸಕ್ಕೆ ಹೋಗುವವರು, ಅತ್ತೆಗೆ ಮೊಣಕಾಲು ನೋವು, ಓಡುವ ಮಗುವಿನ ಹಿಂದೆ ಓಡಲಾರರು. ಸುನೀತಾಳಂಥವರು ಮತ್ತೆ ಬದುವಿನ ಮೇಲೆ ಸೀರೆ ಹಾಸಬೇಕು. ಪೇಪರಿಗೆ ಬರೆಯೋಣ ಎಂದರು ಎಲ್ಲರೂ. "ಬರೀಬೌದು. ಆದ್ರೆ ಮಕ್ಕಳು ಹೆಂಗದಾವೆ ಅಂತ ಇದ್ದದ್ದು ಇದ್ದಂಗೆ ಬರೀಬೇಕಾಗ್ತೈತಲ್ಲ" ಎಂದೆ. 

"ನಜರ್ ಆಗ್ತೈತೆ ಬೇಟಿ. ಎಷ್ಟೋ ಮಂದಿ ಓದ್ತಾರೆ" ಎಂದರು ಇಮಾಂಬೀ. ಅವರ ಕೆಲಸ ಉಳಿಯುವುದೂ ಈ ಪತ್ರದಿಂದಲೇ ಎಂದು ಗೊತ್ತಿದ್ದೂ ಹೇಳಿದರು.

"ಬ್ಯಾಡ. ಕೇಂದ್ರ ಹೋದ್ರೆ ಹೋಗ್ಲಿ, ನಾನೇ ಕುಂಟ್ಕೊಂತ ನೋಡ್ಕಂತೀನಿ. ಕೂಸಿನ ಮೈ ಬಗ್ಗೆ ಪೇಪರ್‌ನ್ಯಾಗ ಬರೆಯೋಳು ತಾಯಿ ಅಲ್ಲ" ಎಂದರು ಅತ್ತೆ.

ಕೊನೆಗೆ ಸುನೀತಾ ಬಾಯಿ ಬಿಟ್ಟಳು. "ನನ್ನ ಮಗಂದು ಬರಿ ಅಕ್ಕಾ. ಕಾಲುವಿಗಿಂತ ಕಣ್ಣು ದೊಡ್ಡದಲ್ಲ."

ಅವಳು ಹೇಳಿದ ಮೇಲೆ, ಅತ್ತೆಯೊಬ್ಬರನ್ನು ಬಿಟ್ಟು ಉಳಿದವರೂ ಒಬ್ಬೊಬ್ಬರಾಗಿ ಒಪ್ಪಿದರು. ಹಾಗಾಗಿ ಬರೆಯುತ್ತಿದ್ದೇನೆ. ನಿರ್ದೇಶಕರೇ, ನಮ್ಮ ಮಕ್ಕಳು ಚೆನ್ನಾಗಿದ್ದಾರೆ. ಸುನೀತಾಳ ಮಗ ತಿಂದದ್ದು ಸಾಲದೆ ಪಕ್ಕದವರ ತಟ್ಟೆ ನೆಕ್ಕುತ್ತಾನೆ. ನನ್ನ ಮಗಳು ಹೊಟ್ಟೆ ತುಂಬ ಉಣ್ಣುತ್ತಾಳೆ, ಕೆನ್ನೆ ತುಂಬಿಕೊಂಡಿವೆ, ತೊಡೆಯಲ್ಲಿ ಮಡಿಕೆ ಬಿದ್ದಿವೆ, ಎತ್ತಿಕೊಂಡು ಪಡಸಾಲೆಯವರೆಗೆ ಹೋಗುವಷ್ಟರಲ್ಲಿ ನನಗೆ ಏದುಸಿರು ಬರುತ್ತದೆ. ಈ ಮಾತನ್ನು ನಾನು ಇದುವರೆಗೆ ಯಾರ ಮುಂದೆಯೂ ಆಡಿಲ್ಲ, ಗಂಡನ ಮುಂದೆಯೂ ಆಡಿಲ್ಲ. ನಾನು ಬಿ.ಎ. ಓದಿದವಳು, ಇಳಿ ತೆಗೆಯುವುದನ್ನು ಕಂಡು ನಗುವವಳು. ಆದರೂ ಮೇಲಿನ ಸಾಲು ಬರೆದ ಮೇಲೆ ಎದ್ದು ಹೋಗಿ ಮಗಳ ಅಂಗಾಲಿಗೆ ಕಾಡಿಗೆ ಇಟ್ಟು ಬಂದೆ. ಹೆದರಿಕೆಯಾಗುತ್ತಿದೆ, ಮುಚ್ಚಿಡುವುದೇನಿದೆ?

ನಮ್ಮ ಬೇಡಿಕೆ ದೊಡ್ಡದೇನಲ್ಲ. ತಿಂಗಳು ಮುಗಿಯುವುದರೊಳಗೆ ಮೊದಲು ತಂದಿದ್ದ ಅದೇ ತೂಕದ ಯಂತ್ರದೊಂದಿಗೆ ನೀವೇ ಒಮ್ಮೆ ಭಾನುವಳ್ಳಿಗೆ ಬರಬೇಕು. ಅದೇ ದಿನ ಸುಧಾಳ ಊರಿಗೂ ಹೋಗಿ ತೂಗಬೇಕು. ಎರಡು ಊರಿನ ತೂಕವನ್ನೂ ಪಕ್ಕಪಕ್ಕ ಬರೆದು, ಆಮೇಲೆ ಬೀಗ ಎಲ್ಲಿ ಹಾಕಬೇಕು, ಇನ್ನೊಂದು ಪಡಸಾಲೆ ಎಲ್ಲಿ ತೆರೆಯಬೇಕು ಎಂದು ತೀರ್ಮಾನ ಮಾಡಬೇಕು. ಮಾಸ್ಕು ನಾವೇ ಕೊಡುತ್ತೇವೆ. ತೂಗುವಾಗ ಅಂಕಿ ಜೋರಾಗಿ ಓದಬೇಡಿ, ಮನಸ್ಸಿನಲ್ಲೇ ಓದಿಕೊಂಡು ಬರೆದುಕೊಳ್ಳಿ.

ಒಂದು ಮಾತು ಮಾತ್ರ ನೆನಪಿರಲಿ. ಈ ಪತ್ರ ಅಚ್ಚಾದ ದಿನದಿಂದ ನಮ್ಮೂರಿನ ಯಾವ ಮಗುವಿಗೆ ನೆಗಡಿಯಾದರೂ ಊರಿನವರೆಲ್ಲ ನನ್ನ ಮುಖ ನೋಡುತ್ತಾರೆ. ನನ್ನ ಮಗಳು ಒಂದು ಸಲ ಸೀನಿದರೆ ನಾನೇ ನನ್ನನ್ನು ಕ್ಷಮಿಸಿಕೊಳ್ಳಲಾರೆ. ಯಾವ ತಾಯಿಯೂ ಆಡಬಾರದ ಮಾತನ್ನು ನನ್ನ ಬಾಯಿಂದ ಆಡಿಸಿದ್ದೀರಿ. ಅದು ನಿಜವೋ ಅಲ್ಲವೋ ಎಂದು ಬಂದು ನೋಡುವುದಾದರೂ ನಿಮ್ಮ ಪಾಲಿನ ಕೆಲಸವಾಗಲಿ.

ಇಂತಿ,
ಹೆತ್ತ ಮಗಳನ್ನು ಪತ್ರಿಕೆಯಲ್ಲಿ ಹೊಗಳಹೊರಟ ತಪ್ಪಿಗೆ ಅತ್ತೆ ಮಾತು ಬಿಟ್ಟಿರುವ
ಮೀನಾಕ್ಷಿ
ಭಾನುವಳ್ಳಿ, ಹರಿಹರ ತಾಲ್ಲೂಕು